ಗುಂಡುತೋಪಿನ ಪಾಠ

‘ಪಲಾಶ’ ಎಂದರೆ ಏನೆಂದು ಕೇಳಿದರೆ ನನ್ನ ತರಗತಿಯ ಮಕ್ಕಳು ಒಕ್ಕೊರಲಿನಿಂದ ‘ಮುತ್ತುಗ’ ಎನ್ನುವರು. ಕಿಂಶುಕವೆಂದರೂ ಅದೇ ಎಂದು ಜಾಣರು ಸೇರಿಸುವರು. ಒಂದು ದಿನ, “ಹಾಗಾದರೆ ಮುತ್ತುಗದ ಎಲೆಯೊಂದನ್ನು ತನ್ನಿರಿ” ಎಂದೆ. ಮರುದಿನ ತಂದವನು ಒಬ್ಬನೇ, ಕುರಿ ಮೇಯಿಸುವವರ ಮನೆಯ ಹುಡುಗ. ಸಮಾನಾರ್ಥಕ ಪದಗಳ ಪರೀಕ್ಷೆಯಲ್ಲಿ ನಾನು ಅವನಿಗೆ ಕೊಡುತ್ತ ಬಂದದ್ದು ಸೊನ್ನೆ. ಒಂದೇ ತೊಟ್ಟಿನಲ್ಲಿ ಮೂರು ಎಲೆಗಳಿದ್ದ ಆ ಮುತ್ತುಗವನ್ನು ಹಿಡಿದು ಅವನು ನಿಂತಾಗ ನಾಚಿಕೆಯಾದದ್ದು ನನಗೆ.

ನಮ್ಮ ಶಾಲೆಯ ಹಿಂದೆ ಊರಿನ ಹಳೆಯ ಗುಂಡುತೋಪು ಉಂಟು. ನೆರಳಿಗೆ, ಹಣ್ಣಿಗೆ, ದೀಪದ ಎಣ್ಣೆಗೆ, ಗದ್ದೆಯ ಸೊಪ್ಪಿಗೆ ಎಂದು ಹಿರಿಯರು ಮಾವು, ನೇರಳೆ, ಇಪ್ಪೆ, ಹೊಂಗೆಗಳನ್ನು ಬೆಳೆಸಿದ ಜಾಗವದು. ಈಗ ಅಲ್ಲಿ ಲಂಟಾನ ತುಂಬಿತ್ತು. ಅಂದದ ಹೂಗಿಡವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಈ ಗಿಡದ ಸೊಪ್ಪು ದನಗಳಿಗೆ ವಿಷ. ಹಣ್ಣು ಮಾತ್ರ ಹಕ್ಕಿಗಳಿಗೆ ಪ್ರಿಯ. ಆದ್ದರಿಂದ ಅದು ಹಬ್ಬುವುದೇ ಹೊರತು ಅಳಿಯುವುದಿಲ್ಲ.

ಪಂಚಾಯಿತಿಯ ಒಪ್ಪಿಗೆ ಪಡೆದು ಶನಿವಾರ ಪಾಠ ಮುಗಿದ ಮೇಲೆ ಅಲ್ಲಿಗೆ ಹೋಗತೊಡಗಿದೆವು. “ಓದುವ ಮಕ್ಕಳ ಕೈಗೆ ಗುದ್ದಲಿ ಏಕೆ, ಮೇಷ್ಟ್ರೇ?” ಎಂದು ಕೆಲವು ತಂದೆತಾಯಿಗಳು ಕೇಳಿದರು. ಅವರನ್ನೂ ಕರೆದುಕೊಂಡು ಹೋದೆ. ಲಂಟಾನವನ್ನು ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ಬುಡ ಕಡಿದು, ಬೇರು ಮೇಲಾಗಿಸಿ ಒಣಗಿಸಬೇಕು. ಈ ಭಾರಿ ಕೆಲಸ ದೊಡ್ಡವರದಾಯಿತು. ಮಳೆ ಬಿದ್ದೊಡನೆ ಏಳುವ ಎಳೆಯ ಸಸಿಗಳನ್ನು ಗುರುತಿಸಿ ಕೀಳುವುದು ಮಕ್ಕಳದಾಯಿತು. ಕೀಳಬೇಕಾದರೆ ಕೀಳಬಾರದ ಸಸಿ ಯಾವುದೆಂದು ತಿಳಿದಿರಬೇಕಷ್ಟೆ! ಹೊಂಗೆಯ ಸಸಿ ಯಾವುದು, ಇಪ್ಪೆಯದು ಯಾವುದು ಎಂದು ಅವರು ಕಲಿತದ್ದು ಹಾಗೆ.

ತಪ್ಪು ನನ್ನಿಂದಲೂ ಆಯಿತು. ಆಷಾಢದಲ್ಲಿ ಆಯ್ದ ನೇರಳೆ ಬೀಜಗಳನ್ನು ಡಬ್ಬಿಯಲ್ಲಿ ಜೋಪಾನ ಮಾಡಿ, ದಸರಾ ರಜೆ ಕಳೆದ ಮೇಲೆ ಬಿತ್ತಿಸಿದೆ. ಒಂದೂ ಮೊಳೆಯಲಿಲ್ಲ. ಆ ಹುಡುಗನ ಅಜ್ಜಿ ನಕ್ಕು, “ನಾಲಗೆಯ ನೀಲಿ ಹೋಗೋದರೊಳಗೆ ಬೀಜ ಮಣ್ಣು ಸೇರಬೇಕು, ಸ್ವಾಮಿ” ಎಂದರು. ನೇರಳೆ, ಇಪ್ಪೆಗಳ ಬೀಜ ಒಣಗಿದರೆ ಬೇಗ ಸತ್ವ ಕಳೆದುಕೊಳ್ಳುತ್ತವೆ. ಮರುವರ್ಷ ತಿಂದ ದಿನವೇ ಬಿತ್ತಿದೆವು, ಮೊಳೆತವು.

ಮೂರು ಮಳೆಗಾಲ ಕಳೆದಿವೆ. ನೆಟ್ಟದ್ದೆಲ್ಲ ಉಳಿದಿಲ್ಲ, ಲಂಟಾನ ಈಗಲೂ ಇಣುಕುತ್ತದೆ. ಆದರೆ ಪ್ರತಿಯೊಂದು ಮಗುವಿಗೂ ಒಂದೊಂದು ಗಿಡ ಪಾಲಿಗೆ ಬಂದಿದೆ. ಅದರ ಹೆಸರುಗಳು, ಚಿಗುರುವ ಕಾಲ, ಬರುವ ಹಕ್ಕಿ, ಮನೆಯಲ್ಲಿ ಅದರ ಉಪಯೋಗ, ಇವೆಲ್ಲ ಕನ್ನಡ ನೋಟ್‌ಬುಕ್ಕಿನಲ್ಲಿಯೇ ಬರೆಯಬೇಕು. ಮುತ್ತುಗದ ಎಲೆ ಹಚ್ಚುವುದನ್ನು ತರಗತಿಗೆ ಕಲಿಸಿದವನು ಆ ಹುಡುಗನೇ. ಆ ದಿನ ಅವನಿಗೆ ಪೂರ್ಣ ಅಂಕ ಕೊಟ್ಟೆ.

ಪಟ್ಟಣದಲ್ಲಿರುವ ತಮ್ಮಲ್ಲಿ ನನ್ನದೊಂದು ಬಿನ್ನಹ. ಈ ಸಲ ಮಕ್ಕಳು ನೇರಳೆಹಣ್ಣು ತಿಂದಾಗ ಬೀಜವನ್ನು ಎಸೆಯಗೊಡಬೇಡಿ. ಅಂದೇ ಒಂದು ಕುಂಡದಲ್ಲಿ ಊರಿಸಿ, ದಿನವೂ ನೀರೆರೆಸಿರಿ. ಪದದ ಅರ್ಥ ಅವರಿಗೆ ತಾನಾಗಿಯೇ ಮೊಳೆಯುವುದು.