ಗುರುತುಗಳು ಬೇರೆ, ನಿಯಮ ಒಂದೇ

ನಾನು ವಾಸವಾಗಿರುವ ಇಟ್ಟಮಡು, ಬನಶಂಕರಿ ದೇವಾಲಯದಿಂದ ಹೊರಟವರಿಗೆ ಪಶ್ಚಿಮಕ್ಕಿದೆ. ಉತ್ತರಹಳ್ಳಿಯಿಂದ ಬರುವವರಿಗೆ ಉತ್ತರಕ್ಕಿದೆ. ಇಬ್ಬರ ಮಾತೂ ನಿಜ. ಬೇರೆಯಾದದ್ದು ಊರಲ್ಲ, ಅದರ ಸ್ಥಾನವನ್ನು ಸೂಚಿಸಲು ನಾವು ಹಿಡಿದ ಗುರುತು. ಇಂಥ ಗುರುತುಗಳನ್ನೇ ಗಣಿತದಲ್ಲಿ ನಿರ್ದೇಶಾಂಕಗಳೆನ್ನುತ್ತಾರೆ. ಇವು ಮನುಷ್ಯನ ಅನುಕೂಲಕ್ಕಾಗಿ ಹುಟ್ಟಿದವು. ನಿಸರ್ಗದ ನಿಯಮವನ್ನು ಇವುಗಳ ಹಂಗಿಲ್ಲದೆ ಹೇಳಲು ಸಾಧ್ಯವೆ?

ಉಯ್ಯಾಲೆಯನ್ನು ನೋಡೋಣ. ನ್ಯೂಟನ್ನನ ಮಾರ್ಗದಲ್ಲಿ ಅಡ್ಡಳತೆ, ಎತ್ತರ ಎಂದು ಎರಡು ಲೆಕ್ಕ ಹಿಡಿದರೆ ಹಗ್ಗದ ಬಿಗಿತವೂ ನಡುವೆ ಬಂದು ನಿಲ್ಲುತ್ತದೆ. ಆದರೆ ಹಗ್ಗದ ಉದ್ದ ನಿಶ್ಚಿತವಾದ್ದರಿಂದ, ಉಯ್ಯಾಲೆ ಎಲ್ಲಿದೆಯೆಂದು ಹೇಳಲು ಒಂದು ಕೋನವೇ ಸಾಕು. ಹೀಗೆ ಯಾವ ಗುರುತನ್ನಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟವನು ಲಗ್ರಾಂಜ್. 1788ರಲ್ಲಿ ಪ್ರಕಟವಾದ ಅವನ ಬಲವಿಜ್ಞಾನದ ಗ್ರಂಥದಲ್ಲಿ ಒಂದು ಚಿತ್ರವೂ ಇಲ್ಲ, ಎಲ್ಲವೂ ಸಮೀಕರಣ.

ಚಲನಶಕ್ತಿಯಿಂದ ಪ್ರಚ್ಛನ್ನಶಕ್ತಿಯನ್ನು ಕಳೆದರೆ ಉಳಿಯುವ ಮೊತ್ತಕ್ಕೆ ಇಂದು ಅವನದೇ ಹೆಸರಿದೆ. ಬಲಕ್ಕೆ ದಿಕ್ಕುಂಟು; ಈ ಮೊತ್ತಕ್ಕೆ ದಿಕ್ಕಿಲ್ಲ. ಪಯಣದ ಆದ್ಯಂತ ಇದನ್ನು ಕೂಡಿಸುತ್ತ ಹೋದರೆ ಬರುವುದು 'ಕ್ರಿಯೆ'. ನಿಸರ್ಗ ಹಿಡಿಯುವ ದಾರಿಯನ್ನು ಕಿಂಚಿತ್ತು ಸರಿಸಿ ನೋಡಿದರೆ ಕ್ರಿಯೆ ಬದಲಾಗುವುದಿಲ್ಲವೆನ್ನುವಷ್ಟು ಅಲ್ಪವಾಗಿ ಬದಲಾಗುತ್ತದೆ. ಹ್ಯಾಮಿಲ್ಟನ್ 1834-35ರಲ್ಲಿ ಇದನ್ನು ಸ್ಪಷ್ಟಪಡಿಸಿದ. ದಾರಿಗೆ ನಾವಿಟ್ಟ ಹೆಸರು ಯಾವುದಾದರೂ ಈ ಮೊತ್ತ ಅದೇ. ಆದುದರಿಂದ ಅದರಿಂದ ಹುಟ್ಟುವ ಸಮೀಕರಣದ ರೂಪವೂ ಎಲ್ಲ ನಿರ್ದೇಶಾಂಕಗಳಲ್ಲಿ ಒಂದೇ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಮೀಕರಣದ ರೂಪ ಉಳಿಯುವುದು ಬೇರೆ, ವಸ್ತುಸ್ಥಿತಿಯಲ್ಲೇ ಸಮತೆ ಇರುವುದು ಬೇರೆ. ಭೂಮಿ ಸೂರ್ಯನನ್ನು ಸುತ್ತುವಾಗ, ಸೂರ್ಯನ ಸೆಳೆತ ಎಲ್ಲ ದಿಕ್ಕಿಗೂ ಸಮ. ಲಗ್ರಾಂಜನ ಮೊತ್ತದಲ್ಲಿ ಕೋನದ ಸುಳಿವೇ ಇಲ್ಲ. ಅಲ್ಲಿ ಕೋನೀಯ ಸಂವೇಗ ಉಳಿಯುತ್ತದೆ. ಉಯ್ಯಾಲೆಗೆ ಕೆಳಗೆಂಬ ದಿಕ್ಕೊಂದು ವಿಶೇಷವಾದುದು, ಅಲ್ಲಿ ಉಳಿಯುವುದಿಲ್ಲ. ಸಮತೆಗೂ ಉಳಿಕೆಗೂ ಇರುವ ಈ ನಂಟನ್ನು ಎಮ್ಮಿ ನೋಯ್ಥರ್ ಎಂಬ ಮಹಿಳೆ 1918ರಲ್ಲಿ ಸಾಧಿಸಿ ತೋರಿಸಿದಳು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎನ್. ಮುಕುಂದ ಅವರು ಇ.ಸಿ.ಜಿ. ಸುದರ್ಶನ್ ಅವರೊಡನೆ ಬರೆದು 1974ರಲ್ಲಿ ಹೊರತಂದ ಅಭಿಜಾತ ಗತಿವಿಜ್ಞಾನದ ಗ್ರಂಥ ಇಂಥ ಸಮತೆಗಳಿಗೆ ದೊಡ್ಡ ಸ್ಥಾನವನ್ನಿತ್ತಿದೆ.

ಎಲ್ಲ ನೋಟಗಳೂ ಸರಿಯಾದುದರಿಂದ ಸತ್ಯವೇ ಇಲ್ಲವೆಂದು ಕೆಲವರು ವಾದಿಸುವುದುಂಟು. ಲಗ್ರಾಂಜನ ವಿಜ್ಞಾನ ಹೇಳುವುದು ಇದಕ್ಕೆ ವಿರುದ್ಧ. ನೋಟಗಳು ಹಲವಾದರೂ ಒಂದರಿಂದ ಇನ್ನೊಂದಕ್ಕೆ ಹೋಗುವ ಲೆಕ್ಕ ಖಚಿತವಾಗಿದೆ. ಹಾಗೆ ಹೋದಾಗ ಅಳಿಯದೆ ಉಳಿದದ್ದೇ ನಿಸರ್ಗದ ಮಾತು.