ಸಂಸ್ಥೆ ಹೋದ ಮೇಲೆ ಉಳಿಯುವುದೇನು?

(ಮಾರಂಡಹಳ್ಳಿಯಲ್ಲಿ ಸೇರಿದ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಜೆಗೆಂದು ತೋಟದಿಂದ ಇಳಿದು ಬಂದವರೂ ಊರಿನಲ್ಲೇ ಉಳಿದವರೂ ಇಂದು ಒಟ್ಟಿಗೆ ಕುಳಿತಿದ್ದೇವೆ. ನಾವು ತೋಟಕ್ಕೆ ಹೋದದ್ದು ಏಕೆಂಬುದು ನಮಗೆಲ್ಲ ಗೊತ್ತು. ಈ ಕಡೆಯ ಹೊಲಗಳಲ್ಲಿ ಹೆಚ್ಚಿನವು ಮಳೆಯನ್ನೇ ನಂಬಿದವು. ಮಳೆ ಕೈಕೊಟ್ಟ ವರ್ಷ ರಾಗಿಯೂ ಇಲ್ಲ, ಹುರುಳಿಯೂ ಇಲ್ಲ. ಆಗ ಮೇಸ್ತ್ರಿ ಕೊಟ್ಟ ಮುಂಗಡವೇ ನಮಗೆ ಅನ್ನವಾಯಿತು. ಮುಂಗಡ ಪಡೆದು ಹೊರಟೆವು. ಸಾಲವೂ ನಮ್ಮ ಗಂಟುಮೂಟೆಯೊಡನೆ ಲೈನುಮನೆಗೆ ಬಂತು.

ಬಡವರಿಗೆ ಸಹಾಯ ಮಾಡುತ್ತೇವೆಂದು ಬಂದ ಸಂಸ್ಥೆಗಳನ್ನೂ ನಾವು ಕಂಡಿದ್ದೇವೆ. ಜೀಪು ಬರುತ್ತದೆ, ಕಂಬಳಿ ಹಂಚುತ್ತಾರೆ, ಫೋಟೋ ತೆಗೆಯುತ್ತಾರೆ. ಕೊಟ್ಟವರಿಗೆ ನಾವು ಕೃತಜ್ಞರು. ಆದರೆ ಜೀಪು ಹೋದ ಮೇಲೆ ನಮ್ಮಲ್ಲಿ ಉಳಿಯುವುದೇನು? ಒಂದು ಸಂಸ್ಥೆಯ ಕೆಲಸವನ್ನು ಈ ಪ್ರಶ್ನೆಯಿಂದಲೇ ಅಳೆಯಬೇಕೆಂದು ನಾವು ಹೇಳುತ್ತೇವೆ.

ಇದಕ್ಕೆ ನಮ್ಮ ಪಕ್ಕದ ನಾಡಿನಲ್ಲೇ ಒಂದು ಉದಾಹರಣೆಯಿದೆ. 1968ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿದ್ದ ಟಿಬೆಟನ್ ನಿರಾಶ್ರಿತರನ್ನು ನೆಲೆಗೊಳಿಸಲು ಒಂದು ಸಂಸ್ಥೆ ಹುಟ್ಟಿತು. ಅದೇ ಮೈರಾಡ. ಆ ಕೆಲಸ ಮುಗಿದ ಮೇಲೆ ಅದು ಹಳ್ಳಿಯ ಬಡವರ ಕಡೆಗೆ ಪೂರ್ತಿಯಾಗಿ ತಿರುಗಿತು. ಮೊದಲು ಅವರೂ ಎಲ್ಲರಂತೆ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸಿದರು. ಆದರೆ ಆ ಸಂಘಗಳಲ್ಲಿ ಅಧಿಕಾರವೆಲ್ಲ ಅಧ್ಯಕ್ಷ, ಕಾರ್ಯದರ್ಶಿಗಳ ಕೈಗೇ ಸೇರಿತು. 1984-85ರ ಹೊತ್ತಿಗೆ ಅವು ಒಡೆಯತೊಡಗಿದವು. ಆಗ ಸದಸ್ಯರು ಬಂದು, "ಸಾಲವನ್ನು ನಿಮಗೆ ತೀರಿಸುತ್ತೇವೆ, ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ" ಎಂದರು.

ಸಂಸ್ಥೆ ಆ ಹಣವನ್ನು ತೆಗೆದುಕೊಂಡು ಲೆಕ್ಕ ಮುಗಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ನಿಮ್ಮೊಳಗೆ ಯಾರಿಗೆ ಯಾರ ಮೇಲೆ ನಂಬಿಕೆಯಿದೆಯೋ ಅವರೇ ಚಿಕ್ಕ ಗುಂಪಾಗಿ ಕೂಡಿ, ಹಣವನ್ನು ಆ ಗುಂಪಿಗೇ ಕಟ್ಟಿರಿ ಎಂದಿತು. ಇಂದು ಸ್ವಸಹಾಯ ಸಂಘವೆಂದು ನಾವು ಕರೆಯುವುದರ ಬೇರುಗಳಲ್ಲಿ ಇದೂ ಒಂದು. 1987ರಲ್ಲಿ ನಬಾರ್ಡ್ ಬ್ಯಾಂಕು ಈ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗ ಆರಂಭವಾಯಿತು.

ನಮ್ಮ ಧರ್ಮಪುರಿ ಜಿಲ್ಲೆ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ ತಮಿಳುನಾಡು ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆ ಮೊದಲು ಆರಂಭವಾದದ್ದು ಇದೇ ಜಿಲ್ಲೆಯಲ್ಲಿ. ಆಗ ಇಂದಿನ ಕೃಷ್ಣಗಿರಿಯೂ ಧರ್ಮಪುರಿಗೇ ಸೇರಿತ್ತು. ಸಾಲಕ್ಕೆ ಇಂಡಿಯನ್ ಬ್ಯಾಂಕು. ಹಳ್ಳಿಯಲ್ಲಿ ಹೆಂಗಸರನ್ನು ಕೂಡಿಸುವುದಕ್ಕೆ ಮೈರಾಡದಂಥ ಸಂಸ್ಥೆ. ಮುಂದೆ 1997-98ರಲ್ಲಿ ಇದೇ ದಾರಿಯಲ್ಲಿ ಮಹಳಿರ್ ತಿಟ್ಟಂ ಆರಂಭವಾಯಿತು.

ಹಾಗಾದರೆ ಸಂಸ್ಥೆಯ ಕೆಲಸವೇನು? ಹಣ ಹಂಚುವುದಲ್ಲ. 15-20 ಮಂದಿ ಒಂದು ಗೊತ್ತಾದ ದಿನ ಸೇರುವಂತೆ ಮಾಡುವುದು. ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಲೆಕ್ಕದ ಪುಸ್ತಕ ಬರೆಯಲು ಕಲಿಸುವುದು. ತಡವಾಗಿ ಬಂದವರಿಗೆ ಎಷ್ಟು ದಂಡ ಎಂಬುದನ್ನು ಗುಂಪೇ ತೀರ್ಮಾನಿಸುವಂತೆ ಬಿಡುವುದು. ಬ್ಯಾಂಕಿನ ಬಾಗಿಲವರೆಗೆ ಜೊತೆಗೆ ಬಂದು, ಒಳಗೆ ಹೆಂಗಸರೇ ಮಾತನಾಡುವಂತೆ ಧೈರ್ಯ ಕೊಡುವುದು. ಕೊನೆಗೆ ತಾನು ಹಿಂದೆ ಸರಿಯುವುದು.

ಲೆಕ್ಕವನ್ನು ನೋಡೋಣ. 20 ಮಂದಿ ವಾರಕ್ಕೆ 10 ರೂಪಾಯಿಯಂತೆ ಹಾಕಿದರೆ ವಾರಕ್ಕೆ 200, ವರ್ಷದ 52 ವಾರಕ್ಕೆ 10,400 ರೂಪಾಯಿ. ಸಾಹುಕಾರನು ನೂರಕ್ಕೆ ತಿಂಗಳಿಗೆ 10 ರೂಪಾಯಿ ಬಡ್ಡಿ ಹಾಕಿದರೆ ವರ್ಷಕ್ಕೆ ಬಡ್ಡಿಯೇ 120 ರೂಪಾಯಿ. ಗುಂಪು ನೂರಕ್ಕೆ 2 ರೂಪಾಯಿ ಹಾಕಿದರೆ ವರ್ಷಕ್ಕೆ 24. ಆ 24 ರೂಪಾಯಿಯೂ ಹೊರಗೆ ಹೋಗದೆ ನಮ್ಮ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಇನ್ನೊಂದು ಮಾತು. ಅಕ್ಕಿಗೆ, ಔಷಧಿಗೆ, ಮಗುವಿನ ಶಾಲೆಗೆ, ಅಡವಿಟ್ಟ ಓಲೆ ಬಿಡಿಸಲು ಸಾಲ ಬೇಕೆಂದರೆ ಬ್ಯಾಂಕು ಹಿಂದೆಮುಂದೆ ನೋಡುತ್ತದೆ. ಆದರೆ ಬಡವರು ಸಾಹುಕಾರನ ಬಾಗಿಲಿಗೆ ಹೋಗುವುದು ಇಂಥದ್ದಕ್ಕೇ. ಪಕ್ಕದ ಮನೆಯವರು ಕುಳಿತ ಗುಂಪಿಗೆ ಈ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಲೈನುಗಳ ಮಾತಿಗೆ ಬರೋಣ. ವಾರದ ಕಂತಿನ ಸಾಲ ಕೊಡುವವರು ಇಂದು ಲೈನಿಗೂ ಬರುತ್ತಾರೆ. ಅವರೂ ಹೆಂಗಸರನ್ನು ಗುಂಪು ಮಾಡುತ್ತಾರೆ. ಆದರೆ ಅಲ್ಲಿ ಉಳಿತಾಯದ ಪೆಟ್ಟಿಗೆಯಿಲ್ಲ, ಬಡ್ಡಿಯನ್ನು ತೀರ್ಮಾನಿಸುವುದು ನಾವಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರನ್ನು ಹಿಡಿಯುವುದಕ್ಕಾಗಿ ಆ ಗುಂಪು. ಮೂರು ಕಡೆ ಸಾಲ ಮಾಡಿ, ಒಂದರ ಕಂತಿಗೆ ಇನ್ನೊಂದನ್ನು ತಂದು, ರಾತ್ರೋರಾತ್ರಿ ಲೈನು ಬಿಟ್ಟು ಹೋದ ಕುಟುಂಬಗಳನ್ನು ನಾವು ಬಲ್ಲೆವು. ಕಿರುಕುಳ ಕೊಟ್ಟು ವಸೂಲು ಮಾಡುವುದನ್ನು ತಡೆಯಲು 2025ರಲ್ಲಿ ಕರ್ನಾಟಕವೂ ತಮಿಳುನಾಡೂ ಕಾನೂನು ಮಾಡಿವೆ. ಮನೆ ಮುಂದೆ ನಿಂತು ಬೈಯುವವರಿಗೆ ಹೆದರಿ ಓಡಬೇಕಾಗಿಲ್ಲ. ಪೊಲೀಸರಿಗೆ ದೂರು ಕೊಡಬಹುದು. ಆದರೆ ಕಾನೂನು ನಮ್ಮ ಮಗುವಿಗೆ ಔಷಧಿ ತಂದುಕೊಡುವುದಿಲ್ಲ. ಅದಕ್ಕೆ ನಮ್ಮದೇ ಪೆಟ್ಟಿಗೆ ಬೇಕು.

ಗುಂಪುಗಳಲ್ಲಿಯೂ ದೋಷಗಳಿವೆ, ಅದನ್ನು ಮುಚ್ಚಿಡಬಾರದು. ಸರ್ಕಾರದ ಸಬ್ಸಿಡಿಗೆಂದೇ ಸೇರಿದ ಗುಂಪು ಹಣ ಬಂದ ಮರುದಿನವೇ ಮುರಿಯುತ್ತದೆ. ಹೆಂಡತಿಯ ಹೆಸರಿನ ಸಾಲವನ್ನು ಗಂಡ ಕುಡಿದು ಮುಗಿಸುವುದುಂಟು. ಎಲ್ಲಕ್ಕಿಂತ ದುಃಖದ ಸಂಗತಿಯೆಂದರೆ, ವಾರಕ್ಕೆ 10 ರೂಪಾಯಿಯೂ ಹಾಕಲಾರದ ವಿಧವೆ, ರೋಗಿ, ಕೆಲಸ ಸಿಗದ ಮುದುಕಿ ಹೊರಗೇ ಉಳಿಯುತ್ತಾರೆ. ಆದುದರಿಂದ ಉಳಿತಾಯದ ಮೊತ್ತವನ್ನು ಲೈನಿನಲ್ಲಿ ಅತಿ ಬಡವಳಾದವಳನ್ನು ಕೇಳಿ ಗೊತ್ತುಮಾಡಬೇಕೆಂದು ನಮ್ಮ ಬಿನ್ನಹ. ಅವಳಿಗೆ 5 ರೂಪಾಯಿ ಸಾಧ್ಯವಾದರೆ ಎಲ್ಲರದೂ 5 ರೂಪಾಯಿಯಾಗಲಿ.

ತೋಟ ಬದಲಾಯಿಸುವವರು ನಾವು. ಆದ್ದರಿಂದ ಪ್ರತಿಯೊಬ್ಬರ ಪಾಸ್‌ಪುಸ್ತಕ ಅವರವರ ಕೈಯಲ್ಲೇ ಇರಲಿ. ಬಿಟ್ಟು ಹೋಗುವವರಿಗೆ ಅವರ ಪಾಲು ಲೆಕ್ಕಮಾಡಿ ಕೊಡುವ ನಿಯಮ ಮೊದಲ ದಿನವೇ ಬರೆಯಲ್ಪಡಲಿ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ ಇರಲಿ.

ಸಂಸ್ಥೆಯವರು ಬಂದರೆ ಸ್ವಾಗತಿಸೋಣ. ಕಲಿಸುವುದನ್ನು ಕಲಿಯೋಣ. ನೀವು ಹೋದ ಮೇಲೆ ಈ ಪುಸ್ತಕ ಬರೆಯುವವರು ಯಾರು ಎಂದು ಅವರನ್ನು ಮೊದಲ ದಿನವೇ ಕೇಳೋಣ. ನಮ್ಮ ಮಗಳು ಬರೆಯುತ್ತಾಳೆ ಎಂಬ ಉತ್ತರ ಬಂದರೆ ಆ ಸಂಸ್ಥೆಯನ್ನು ನಂಬಬಹುದು. ರಜೆ ಮುಗಿದು ಲೈನಿಗೆ ಹಿಂತಿರುಗಿದ ವಾರವೇ ಹತ್ತು ಮನೆಯವರು ಕೂಡಿ ಕುಳಿತುಕೊಳ್ಳಿರಿ. ದೇವರು ನಮ್ಮ ಕೈಕೆಲಸವನ್ನು ಆಶೀರ್ವದಿಸಲಿ.