ನಾಲ್ಕು ಗಂಟೆಯ ಲೈಟು

ಹೋದ ವಾರ ದಾವಣಗೆರೆಗೆ ಹೋಗಿದ್ದೆ. ವಿನೋಬನಗರದಲ್ಲಿ ನಮ್ಮಕ್ಕನ ಮನೆ. ಅವಳ ಮಗ ಸೆಕೆಂಡ್ ಪಿಯು, ಸೈನ್ಸು. ರೂಮಿನ ಗೋಡೆ ಮೇಲೆ ಟೈಮ್ ಟೇಬಲ್. ಬೆಳಗಿನ ಜಾವ 4ಕ್ಕೆ ಏಳೋದು, ರಾತ್ರಿ 12ಕ್ಕೆ ಮಲಗೋದು. ನಡುವೆ ಕಾಲೇಜು, ಕೋಚಿಂಗು. ನಿದ್ದೆಗೆ ನಾಲ್ಕೇ ಗಂಟೆ!

‘ತಲೆಗೆ ಹೋಗುತ್ತೇನೋ?’ ಅಂತ ಕೇಳಿದೆ.

‘ಇಲ್ಲ ಮಾಮ. ಆದ್ರೆ ಲೈಟ್ ಉರೀತಿದ್ರೆ ಅಮ್ಮಂಗೆ ಸಮಾಧಾನ’ ಅಂದ.

ಈ ಊರು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ಹತ್ತಿ ಗಿರಣಿಗಳು ಪಾಳಿ ಮೇಲೆ ನಡೀತಿದ್ದವು. ಯಂತ್ರಕ್ಕೆ ನಿದ್ದೆ ಬೇಡ, ಹಾಗಾಗಿ ಮನುಷ್ಯ ನಿದ್ದೆಗೆಟ್ಟ. ಆ ಗಿರಣಿಗಳು ಬಾಗಿಲು ಹಾಕಿದವು. ರಾತ್ರಿ ಪಾಳಿ ಮಾತ್ರ ಈಗ ಮಕ್ಕಳ ರೂಮಿಗೆ ಬಂದಿದೆ.

ನಮ್ಮ ದೇಹದೊಳಗೂ ಒಂದು ಗಡಿಯಾರ ಇದೆ. ಹಣ್ಣಿನ ನೊಣದಲ್ಲಿ ಅದರ ಕೀಲು ಹುಡುಕಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಹದಿಹರೆಯದಲ್ಲಿ ಈ ಗಡಿಯಾರ ಸ್ವಲ್ಪ ಹಿಂದಕ್ಕೆ ಸರಿಯುತ್ತೆ. ನಿದ್ದೆ ತರಿಸೋ ಮೆಲಟೋನಿನ್ ತಡವಾಗಿ ಏರುತ್ತೆ, ತಡವಾಗಿ ಇಳಿಯುತ್ತೆ. ಅದು ಸೋಮಾರಿತನ ಅಲ್ಲ, ವಯಸ್ಸು. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತಾರೆ ವೈದ್ಯರು. ಓದಿದ್ದು ನೆನಪಾಗಿ ಗಟ್ಟಿಯಾಗೋದೂ ನಿದ್ದೆಯಲ್ಲೇ.

ಹಿರಿಯರು ಬ್ರಾಹ್ಮಿ ಮುಹೂರ್ತದಲ್ಲಿ ಏಳಿ ಅಂದಿದ್ದು ನಿಜ. ಆದರೆ ಅವರು ಉಂಡು ಎಂಟು, ಒಂಬತ್ತಕ್ಕೆ ಮಲಗುತ್ತಿದ್ದರು. ನಾವು ಅರ್ಧ ಮಾತು ಹಿಡ್ಕೊಂಡಿದೀವಿ.

ಹೇಳೋ ನಾನೇನು ಸಾಚಾ ಅಲ್ಲ. ರಾತ್ರಿ ಬುಲೆಟಿನ್ ಓದಿ, ಬೆಳಿಗ್ಗೆ ಮೀಟಿಂಗಿಗೆ ಕೂತು ತೂಕಡಿಸಿದವನೇ. ನನ್ನ ತಲೆ ಚುರುಕಾಗೋದು ಹನ್ನೊಂದರ ಮೇಲೆ. ಕಷ್ಟದ ಸ್ಕ್ರಿಪ್ಟು ಆಗಲೇ ಬರೀತೀನಿ. ಮಧ್ಯಾಹ್ನ ಊಟ ಆದ್ಮೇಲೆ ಮಂಪರು. ಆಗ ಫೋನು, ಫೈಲು. ಎಲ್ಲರಿಗೂ ಈ ಭಾಗ್ಯ ಇಲ್ಲ, ಗೊತ್ತು. ಮಂಡಕ್ಕಿ ಭಟ್ಟಿ ಮುಂದೆ ನಿಂತವರಿಗೆ, ನೈಟ್ ಡ್ಯೂಟಿ ನರ್ಸಮ್ಮನಿಗೆ ಹೊತ್ತು ಆರಿಸಿಕೊಳ್ಳೋ ಸ್ವಾತಂತ್ರ್ಯ ಎಲ್ಲಿದೆ? ಮನೆಯಲ್ಲಿರೋ ಮಕ್ಕಳಿಗೆ ಅದು ಇದೆ. ಅದನ್ನು ಕಿತ್ತುಕೊಳ್ತಿರೋದು ನಾವೇ.

ಒಂದು ವಾರ ಗಮನಿಸಿ. ಮಗುವಿನ ತಲೆ ಯಾವಾಗ ಓಡುತ್ತೆ, ಯಾವಾಗ ನಿಲ್ಲುತ್ತೆ, ಬರೆದಿಡಿ. ಓಡೋ ಹೊತ್ತಿಗೆ ಗಣಿತ, ಭೌತಶಾಸ್ತ್ರ. ನಿಲ್ಲೋ ಹೊತ್ತಿಗೆ ಚಿತ್ರ ಬರೆಯೋದು, ನೋಟ್ಸ್ ಜೋಡಿಸೋದು. ಇಲ್ಲಾ, ಇಪ್ಪತ್ತು ನಿಮಿಷ ಕಣ್ಣು ಮುಚ್ಚಲಿ. ಟೈಮ್ ಟೇಬಲ್ ಆಮೇಲೆ ಮಾಡಿ.

ನಿನ್ನೆ ಅಕ್ಕ ಫೋನ್ ಮಾಡಿದ್ಲು. ಟೈಮ್ ಟೇಬಲ್ ಹರಿದಿಲ್ಲವಂತೆ. 12 ಹೊಡೆದು ಹತ್ತೂವರೆ ಬರೆದಿದಾಳೆ, 4 ಹೊಡೆದು ಆರೂವರೆ. ‘ಮಾರ್ಕ್ಸ್ ಕಮ್ಮಿ ಬಂದ್ರೆ ನಿನ್ನೇ ಕೇಳ್ತೀನಿ’ ಅಂದ್ಲು.

ಕೇಳಲಿ. ಹುಡುಗ ನಿದ್ದೆ ಮಾಡ್ತಿದಾನಲ್ಲ, ಅಷ್ಟು ಸಾಕು.